ಸಾಲಿನಿಂದ ಯಾರೂ ವಾಪಸು ಹೋಗಬಾರದು

ಮತದಾನದ ದಿನ ಸಂಜೆ ಮುಗಿಯುವ ಗಂಟೆ ಹೊಡೆದಾಗಲೂ ಮತಗಟ್ಟೆಯ ಮುಂದೆ ಜನ ನಿಂತಿದ್ದರೆ, ಅಧಿಕಾರಿ ಸಹಿ ಹಾಕಿದ ಚೀಟಿಗಳು ಹೊರಗೆ ಬರುತ್ತವೆ. ಅವನ್ನು ಹಂಚುತ್ತಾ ಬರುವುದು ಸಾಲಿನ ಹಿಂದಿನಿಂದ. ಎಲ್ಲರಿಗಿಂತ ತಡವಾಗಿ ಓಡೋಡಿ ಬಂದು ಬಾಲದಲ್ಲಿ ನಿಂತವರ ಕೈಗೆ ಒಂದನೇ ನಂಬರಿನ ಚೀಟಿ. ಅವರ ಹಿಂದೆ ಇನ್ನೊಬ್ಬರು ಬಂದು ಸೇರುವಂತಿಲ್ಲ. ಆದರೆ ಚೀಟಿ ಹಿಡಿದ ಕೊನೆಯವರೂ ಓಟು ಹಾಕುವ ತನಕ, ರಾತ್ರಿ ಎಷ್ಟು ಹೊತ್ತಾದರೂ, ಮತಗಟ್ಟೆ ಮುಚ್ಚುವಂತಿಲ್ಲ.

ಈ ನಿಯಮ ಗೊತ್ತಿಲ್ಲದೆ, "ಟೈಮಾಯ್ತು, ಹೋಗ್ರಮ್ಮ" ಅಂತ ಯಾರೋ ಅಂದ ಮಾತಿಗೆ ಸೆರಗು ಸರಿಮಾಡಿಕೊಂಡು ಮನೆ ಕಡೆ ಹೊರಟುಬಿಡುವವರು ನಮ್ಮ ಸೀಮೆಯಲ್ಲಿದ್ದಾರೆ. ಹಾಗಂದವನು ಅಧಿಕಾರಿಯೇ ಆಗಿರಬೇಕೆಂದಿಲ್ಲ, ದಾರಿಹೋಕನೂ ಆಗಿರಬಹುದು. ಪಕ್ಕದಲ್ಲಿ ನಿಯಮ ಬಲ್ಲವರು ಒಬ್ಬರಿದ್ದು, "ಅಮ್ಮ, ಹೋಗಬೇಡಿ, ನಿಲ್ಲಿ" ಅಂದಿದ್ದರೆ ಆ ಓಟು ಉಳಿಯುತ್ತಿತ್ತು. ಕೊಪ್ಪ, ಬೈಲಕುಪ್ಪೆಯಿಂದ ಹಿಡಿದು ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯವರೆಗಿನ ಹದಿನೆಂಟು ದಾಟಿದ ತಮ್ಮಂದಿರೇ, ತಂಗಿಯರೇ, ಆ ಒಬ್ಬರು ನೀವಾಗಬೇಕು ಎಂದು ಕೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಬೆರಳಿನ ಶಾಯಿ ತೋರಿಸಿ ಫೋಟೊ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಆ ಶಾಯಿ ನಮ್ಮ ಜಿಲ್ಲೆಯದು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಮೈಸೂರಿನಲ್ಲಿ ಶುರುಮಾಡಿದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ಇಡೀ ದೇಶದ ಎಡಗೈ ತೋರುಬೆರಳಿಗೆ ಶಾಯಿ ಕೊಡುತ್ತಾ ಬಂದಿದೆ. ಆ ಹೆಮ್ಮೆ ಇರಲಿ. ಜೊತೆಗೆ, ನಿಮ್ಮ ಬೀದಿಯಲ್ಲಿ ಯಾರ ಬೆರಳು ಖಾಲಿ ಉಳಿಯಿತು, ಯಾಕೆ ಉಳಿಯಿತು ಎಂದು ಕೇಳುವ ಹಟವೂ ಬೇಕು.

ಕೇಳಿ ನೋಡಿ, ಉತ್ತರಗಳು ನಿಮ್ಮ ಕಣ್ಣೆದುರೇ ಇವೆ. ಕೆ.ಆರ್. ನಗರದ ಕಡೆಯಿಂದ ಪಿರಿಯಾಪಟ್ಟಣದ ಹಳ್ಳಿಗೆ ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ತವರಿನ ಮತಪಟ್ಟಿಯಲ್ಲೇ ಉಳಿದಿರುತ್ತದೆ. ಒಂದೇ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ: ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ, ಹುಣಸೂರು, ಪಿರಿಯಾಪಟ್ಟಣ ಮೈಸೂರಿಗೆ. ಅಂದರೆ ಆಕೆ ಬಾಳುವೆ ಮಾಡುತ್ತಿರುವ ಊರಿನ ಸಂಸದರನ್ನು ಆರಿಸುವುದರಲ್ಲಿ ಆಕೆಗೆ ಪಾಲೇ ಇಲ್ಲ. ಸೊಸೆಯ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಲು ತಾಲ್ಲೂಕು ಕಚೇರಿಗೆ ಎಷ್ಟು ಸಲ ಬೇಕಾದರೂ ಅಲೆಯುವ ಮನೆಗಳು, ಮತಪಟ್ಟಿಯ ವಿಚಾರಕ್ಕೆ ಬಂದರೆ "ಆಮೇಲೆ ನೋಡೋಣ" ಅನ್ನುತ್ತವೆ. ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ. ವಿಳಾಸ ಬದಲಿಸಲು ಇರುವುದು ನಮೂನೆ 8, ಒಂದು ಅರ್ಜಿ. ಮೊಬೈಲಿನಲ್ಲೇ ತುಂಬಬಹುದು. ನಿಮ್ಮ ಅತ್ತಿಗೆಯ ಅರ್ಜಿಯನ್ನು ನೀವು ತುಂಬಿಸಿಕೊಡಬಾರದೇಕೆ?

ಹಾಡಿಗಳಿಗೆ ಬನ್ನಿ. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಡಂಚಿನ ಜೇನುಕುರುಬರು ಕೂಲಿಗೆಂದು ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಾರೆ. ಕೊಪ್ಪದ ಪಕ್ಕದ ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದಾಚೆ ತೋಟ, ಲೈನ್ ಮನೆ. ಓಟು ಇರುವುದು ಹಾಡಿಯಲ್ಲಿ, ಆ ದಿನದ ಅನ್ನ ಇರುವುದು ತೋಟದಲ್ಲಿ. ಮತದಾನದ ದಿನ ಕೂಲಿಯವರಿಗೂ ಸಂಬಳ ಸಮೇತ ರಜೆ ಕೊಡಬೇಕೆಂದು ಜನಪ್ರತಿನಿಧಿ ಕಾಯ್ದೆಯ 135ಬಿ ಕಲಮು ಹೇಳುತ್ತದೆ. ಅದನ್ನು ಮೇಸ್ತ್ರಿಗೆ ಓದಿ ಹೇಳುವವರು ಯಾರು? ಎಚ್.ಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಮೀಸಲು ಯಾರ ಹೆಸರಿನಲ್ಲಿದೆಯೋ ಅವರಲ್ಲೇ ಅತ್ಯಂತ ಬಡವರು ಆ ದಿನ ಮೆಣಸಿನ ಬಳ್ಳಿಯ ಬುಡದಲ್ಲಿ ಬಗ್ಗಿರುವುದನ್ನು ನೆನೆದರೆ ಸಂಕಟವಾಗುತ್ತದೆ. ಪದವಿ ಓದುತ್ತಿರುವ ಹಾಡಿಯ ಮಕ್ಕಳೇ, ರಜೆಯ ಈ ಮಾತು ನಿಮ್ಮ ಬಾಯಿಂದ ಬಂದರೆ ಅದರ ತೂಕವೇ ಬೇರೆ.

ಇನ್ನು ನಮ್ಮ ಪಕ್ಕದ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಟಿಬೆಟನ್ನರು ಇಲ್ಲಿ ಮುಸುಕಿನ ಜೋಳ ಬೆಳೆದು, ಮಠ ಕಟ್ಟಿ, ಕೊಪ್ಪದ ಅಂಗಡಿಗಳಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾ ಬದುಕಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು ಪೌರತ್ವ ಕಾಯ್ದೆಯಲ್ಲೇ ಇದೆ. ಆದರೂ ಅವರಿಗೆ ಮತಪಟ್ಟಿಯ ಬಾಗಿಲು ತೆರೆಯಲು 2013ರಲ್ಲಿ ಕರ್ನಾಟಕ ಹೈಕೋರ್ಟಿನ ತೀರ್ಪು, 2014ರ ಫೆಬ್ರವರಿಯಲ್ಲಿ ಚುನಾವಣಾ ಆಯೋಗದ ಸೂಚನೆ ಬೇಕಾಯಿತು. ಹೆಸರು ಸೇರಿಸುವುದೋ ಬೇಡವೋ ಎಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ನಿಮ್ಮ ಕಾಲೇಜಿನ ಬೆಂಚಿನಲ್ಲಿ ಪಕ್ಕದಲ್ಲೇ ಕೂರುವ ಟಿಬೆಟನ್ ಗೆಳತಿಗೆ, ಹುಟ್ಟಿದ ಇಸವಿಯ ಒಂದೇ ಕಾರಣಕ್ಕೆ, ಓಟು ಇಲ್ಲದಿರಬಹುದು. ಅವಳಿಗೆ ಇಲ್ಲದ ಹಕ್ಕು ನಿಮಗೆ ಕೇಳದೆಯೇ ಬಂದಿದೆ, ಅದೂ ಹದಿನೆಂಟಕ್ಕೇ. 1989ರ ಮಾರ್ಚ್‌ಗೆ ಮೊದಲಾಗಿದ್ದರೆ ನೀವೂ ಇಪ್ಪತ್ತೊಂದು ತುಂಬುವ ತನಕ ಕಾಯಬೇಕಿತ್ತು.

ಮತಗಟ್ಟೆಯ ಒಳಗಿನ ಒಂದು ಸಂಗತಿ ಹೇಳಲೇಬೇಕು. ಅಜ್ಜಿಯನ್ನು ಕೈಹಿಡಿದು ಕರೆತರುವ ಮೊಮ್ಮಗ ಬಾಗಿಲಲ್ಲೇ ನಿಂತು, "ಅವರಿಗೆ ಓದೋಕೆ ಬರಲ್ಲ ಸರ್, ನಾನೇ ಒತ್ತುತ್ತೀನಿ" ಅನ್ನುತ್ತಾನೆ. ಪ್ರೀತಿಯಿಂದಲೇ ಅನ್ನುತ್ತಾನೆ. ಆದರೆ ನಿಯಮ ಹಾಗಿಲ್ಲ. ಕಣ್ಣು ಕಾಣದವರು, ಗುಂಡಿ ಒತ್ತಲು ಕೈಲಾಗದವರು ಮಾತ್ರ ಜೊತೆಗಾರನನ್ನು ಕರೆದೊಯ್ಯಬಹುದು. ಆ ಜೊತೆಗಾರನೂ ಒಂದು ದಿನಕ್ಕೆ ಒಬ್ಬರಿಗೆ ಮಾತ್ರ, ಅದೂ ಗುಟ್ಟು ಕಾಯುತ್ತೇನೆಂದು ಬರೆದುಕೊಟ್ಟು. ಅಕ್ಷರ ಬಾರದಿರುವುದು ಕಾರಣವಲ್ಲ, ಚಿಹ್ನೆ ಇರುವುದೇ ಅದಕ್ಕೆ. ಅಜ್ಜಿ ರಟ್ಟಿನ ಮರೆಯೊಳಗೆ ಒಬ್ಬಳೇ ಹೋಗಲಿ. ಗುಂಡಿ ಒತ್ತಿದ ಮೇಲೆ ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಚೀಟಿ ಕಾಣುತ್ತದೆ, ಆಮೇಲೆ ಬೀಪ್ ಸದ್ದು ಬರುತ್ತದೆ ಎಂದು ಹಿಂದಿನ ರಾತ್ರಿಯೇ ಮನೆಯಲ್ಲಿ ಹೇಳಿಕೊಡಿ. ಗಂಡ, ಮಗ, ಊರ ಗೌಡ, ಸಾಲ ಕೊಟ್ಟವನು ಯಾರೂ ಇಣುಕದ ಜಾಗ ಆ ಹೆಂಗಸಿನ ಬದುಕಿನಲ್ಲಿ ಬೇರೆ ಎಷ್ಟಿದ್ದಾವು? ಅಲ್ಲಿಗೆ ನೀವೂ ಕೈಚಾಚಬೇಡಿ.

ತಿಳಿದಿರಬೇಕಾದ ಇನ್ನೂ ಕೆಲವು ಇವೆ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ತಂದುಕೊಡುವ ಚೀಟಿಯನ್ನಷ್ಟೇ ಹಿಡಿದು ಬಂದವರನ್ನು ಒಳಗೆ ಬಿಡುವುದಿಲ್ಲ. ಮತದಾರರ ಗುರುತಿನ ಚೀಟಿಯೋ, ಆಧಾರೋ, ನರೇಗಾ ಜಾಬ್ ಕಾರ್ಡೋ, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ಕೋ ಜೊತೆಗಿರಬೇಕು. ನಿಮ್ಮ ಹೆಸರಲ್ಲಿ ಮೊದಲೇ ಯಾರೋ ಓಟು ಹಾಕಿಹೋಗಿದ್ದರೆ ತಲೆತಗ್ಗಿಸಿ ವಾಪಸು ಬರಬೇಡಿ. ಟೆಂಡರ್ಡ್ ವೋಟ್ ಕೇಳಿ. ನೀವು ನೀವೇ ಎಂದು ಖಾತ್ರಿಯಾದರೆ ಕಾಗದದ ಮತಪತ್ರ ಕೊಡಲೇಬೇಕು. ಗುಂಡಿ ಇರದೆ ಕಾಗದ ಬಂತೆಂದು ಗಾಬರಿಯಾಗಬೇಡಿ.

"ನನ್ನ ಒಂದು ಓಟಿಂದ ಏನಾಗುತ್ತೆ?" ಎನ್ನುವವರಿಗೆ ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯನ್ನು ತೋರಿಸಿ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಗ್ರಾಮ ಪಂಚಾಯಿತಿಯಲ್ಲಂತೂ ಸಮಸಮ ಬಂದು ಚೀಟಿ ಎತ್ತುವುದನ್ನು ನೀವೇ ಕೇಳಿರುತ್ತೀರಿ. ಓಟು ಏನನ್ನು ತರುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಹುಣಸೂರು ಆರಿಸಿ ಕಳಿಸಿದ್ದು ದೇವರಾಜ ಅರಸರನ್ನು. ಅವರು ಮುಖ್ಯಮಂತ್ರಿಯಾಗಿದ್ದಾಗ ಆದ 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ಉಳುತ್ತಿದ್ದ ಹೊಲಕ್ಕೆ ಒಡೆಯರಾದರು. ಇಂದು ಹೊಗೆಸೊಪ್ಪು ಬೆಳೆಯುತ್ತಿರುವ ನಿಮ್ಮ ಜಮೀನಿನ ಪಹಣಿಯಲ್ಲಿ ತಾತನ ಹೆಸರು ಹೇಗೆ ಬಂತು ಎಂದು ಮನೆಯಲ್ಲಿ ಕೇಳಿನೋಡಿ. ಇಂಥ ಓಟಿಗೆ ಹಿಂದಿನ ರಾತ್ರಿ ಐನೂರರ ನೋಟು ಹಿಡಿದು ಬರುವವನ ಮುಖಕ್ಕೆ ಬಾಗಿಲು ಹಾಕಿ.

ಕೆಲಸ ಶುರುವಾಗಬೇಕಾದ್ದು ಚುನಾವಣೆ ಘೋಷಣೆಯಾದ ಮೇಲಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಖಿಗೆ ಹದಿನೆಂಟು ತುಂಬಿದವರು ಆಯಾ ಸರದಿಯಲ್ಲೇ ಹೆಸರು ಸೇರಿಸುವ ನಮೂನೆ 6 ಕೊಡಬಹುದು, ಹದಿನೇಳು ದಾಟಿದ ಕೂಡಲೇ ಮುಂಗಡವಾಗಿಯೂ ಸಲ್ಲಿಸಬಹುದು. ನಿಮ್ಮೂರ ಬಿಎಲ್‌ಒ ಬಹುಶಃ ನಿಮಗೆ ಪಾಠ ಹೇಳಿದ ಮೇಷ್ಟ್ರೋ, ಅಂಗನವಾಡಿಯ ಅಕ್ಕನೋ ಆಗಿರುತ್ತಾರೆ. ಅವರಿಂದ ಪಟ್ಟಿ ಪಡೆದು, ನಾಲ್ಕೈದು ಜನ ಸೇರಿ, ಬೀದಿಯ ಜಗಲಿಯಲ್ಲಿ, ಹಾಡಿಯ ಅಂಗಳದಲ್ಲಿ ಒಂದೊಂದೇ ಹೆಸರು ಗಟ್ಟಿಯಾಗಿ ಓದಿ. ಸತ್ತವರು, ಬಿಟ್ಟುಹೋದವರು, ಊರು ಬದಲಿಸಿದವರು ಯಾರು ಎಂದು ಜನರೇ ಹೇಳುತ್ತಾರೆ. ಓದದೆ ಉಳಿದ ಹೆಸರುಗಳನ್ನು ಬರೆದುಕೊಳ್ಳಿ, ಅರ್ಜಿ ತುಂಬಿ, ಸ್ವೀಕೃತಿ ನಂಬರನ್ನು ಅವರ ಮೊಬೈಲಿನಲ್ಲಿ ಉಳಿಸಿಕೊಡಿ. ಈ ಭಾನುವಾರವೇ ಶುರುಮಾಡಿ.