ಸಂಬಳದ ಬದಲು ಸಾಮಾನು
(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸ)



ನನಗೆ ಕೊಟ್ಟ ವಿಷಯ 'ಮಹಿಳೆ ಮತ್ತು ಕಾನೂನು'. ಅದೊಂದು ಸಮುದ್ರ. ಕಾರ್ಮಿಕರ ಮೊಕದ್ದಮೆ ನಡೆಸುವ ವಕೀಲರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿದ್ದವಳು ನಾನು. ಹಾಗಾಗಿ ಅಲ್ಲಿ ದಿನಾ ಕಂಡ ಒಂದೇ ಸಂಗತಿಯನ್ನು ಹೇಳುತ್ತೇನೆ. ದುಡಿದವರಿಗೆ ಸಂಬಳ ಸಿಗದಿರುವುದು, ಸಿಕ್ಕರೂ ಹಣದ ಬದಲು ಸಾಮಾನು ಸಿಗುವುದು.

ಊರಿನಿಂದ ಬಂದ ನಮಗೆ ಇದು ಹೊಸದಲ್ಲ. ಬಡಿಗ, ಕಮ್ಮಾರ, ಅಗಸ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಗದ್ದೆ ಕೆಲಸಕ್ಕೆ ಬಂದ ಹೆಂಗಸರಿಗೆ ಅಕ್ಕಿ ಅಥವಾ ಭತ್ತ. ಯಾರ ಕೈಯಲ್ಲೂ ಹಣ ಓಡಾಡದಿದ್ದ ಕಾಲದಲ್ಲಿ ಕಾಳು ಕೊಡುವುದು ಬೇರೆ, ಗಲ್ಲಾದಲ್ಲಿ ಹಣವಿದ್ದೂ ಸಾಮಾನು ಕೊಡುವುದು ಬೇರೆ. ಇಂಗ್ಲೆಂಡಿನಲ್ಲಿ ಮಾಲೀಕರು ಕೂಲಿಯ ಬದಲು ತಮ್ಮದೇ ಅಂಗಡಿಯ ಹಿಟ್ಟು, ಬಟ್ಟೆ ಕೊಟ್ಟು ಅದಕ್ಕೆ ಹೆಚ್ಚಿನ ಬೆಲೆ ಹಾಕುತ್ತಿದ್ದರು. 1831ರಲ್ಲಿ ಅದನ್ನು ತಡೆಯಲು ಕಾನೂನು ಮಾಡಬೇಕಾಯಿತು. ನಮ್ಮಲ್ಲಿ 1936ರ ವೇತನ ಪಾವತಿ ಕಾಯ್ದೆ ಬಂದು, ಸಂಬಳವನ್ನು ನಾಣ್ಯ ಅಥವಾ ನೋಟಿನಲ್ಲೇ ಕೊಡಬೇಕು ಎಂದಿತು.

ಕಾಯ್ದೆ ಬಂದು ಎಪ್ಪತ್ತು ವರ್ಷ ದಾಟಿದ ಮೇಲೆ ನಮ್ಮ ಕಚೇರಿಗೆ ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಮುಂಬಯಿ ಉಪನಗರದ ಒಂದು ಸಣ್ಣ ಗಾರ್ಮೆಂಟ್ ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಕೆಲಸ. ಐದು ತಿಂಗಳ ಸಂಬಳ ಬಾಕಿ. ದೀಪಾವಳಿಗೆ ಹಣ ಕೇಳಿದಾಗ ಮಾಲೀಕ ಹೊಲಿಗೆ ಕೆಟ್ಟ ನೈಟಿಗಳ ಒಂದು ಗಂಟು ಕೊಟ್ಟು, "ಚಾಳಿನಲ್ಲಿ ಮಾರಿಕೋ, ಸಂಬಳ ಚುಕ್ತಾ" ಎಂದನಂತೆ. ಅವಳು ಆ ಗಂಟನ್ನು ಹಾಗೇ ನಮ್ಮ ಮೇಜಿನ ಮೇಲಿಟ್ಟು ಕೇಳಿದಳು, "ಅಕ್ಕಾರ, ನೈಟಿ ತಿಂದ್ರ ಹೊಟ್ಟಿ ತುಂಬ್ತದೇನ್ರೀ?"

ಅವಳ ಬಳಿ ನೇಮಕಾತಿ ಪತ್ರವಿರಲಿಲ್ಲ, ಸಂಬಳದ ಚೀಟಿಯೂ ಇಲ್ಲ. ಇದ್ದದ್ದು ಒಂದು ಗೋಡೆ ಕ್ಯಾಲೆಂಡರ್. ಕೆಲಸಕ್ಕೆ ಹೋದ ದಿನಕ್ಕೆ ಒಂದು ಗೀಟು, ಓವರ್‌ಟೈಮ್ ಮಾಡಿದ ದಿನಕ್ಕೆ ಎರಡು. ಪ್ರಾಧಿಕಾರದ ಮುಂದೆ ಮಾಲೀಕನ ಕಡೆಯವರು, ಇವಳು ನಮ್ಮಲ್ಲಿ ಇರಲೇ ಇಲ್ಲ ಎಂದರು. ಹಾಗಾದರೆ ನೈಟಿ ಯಾಕೆ ಕೊಟ್ಟಿರಿ ಎಂಬ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ವೇತನದ ರಿಜಿಸ್ಟರ್ ತನ್ನಿ ಎಂದರೆ ಅದೂ ಇಲ್ಲ. ಆ ಕ್ಯಾಲೆಂಡರ್ ಗೆದ್ದಿತು. ಆದರೆ ಹಣ ಕೈಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಅವಳ ಮಗ ಶಾಲೆ ಬಿಟ್ಟಿದ್ದ. ಗೆದ್ದೆವು ಎಂದು ಹೇಳುವಾಗ ಇದನ್ನೂ ಹೇಳಬೇಕು.

ನಮ್ಮವರ ಹೋಟೆಲುಗಳ ಕತೆ ನಿಮಗೆ ಗೊತ್ತು. ಊರಿನಿಂದ ಬಂದ ಹುಡುಗರಿಗೆ ಊಟ, ಮಲಗಲು ಜಾಗ, ರಾತ್ರಿ ಶಾಲೆಗೆ ಹೋಗಲು ಬಿಡುವು. ಅದರಿಂದ ಎಷ್ಟೋ ಮಂದಿ ಮೇಲೆ ಬಂದರು, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ "ನಿನ್ನ ಸಂಬಳ ನನ್ನ ಹತ್ತಿರ ಜಮೆ ಇರಲಿ, ಊರಿಗೆ ಹೋಗುವಾಗ ಕೊಡುತ್ತೇನೆ" ಎಂಬ ಮಾತಿದೆಯಲ್ಲ, ಅದು ಧಣಿ ಒಳ್ಳೆಯವನಾದರೆ ಉಳಿತಾಯ, ಅಲ್ಲದಿದ್ದರೆ ಹುಡುಗನನ್ನು ಕಟ್ಟಿಹಾಕುವ ಹಗ್ಗ.

ಈಗ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಮುಗಿಸಬೇಕು. ಏನೇ ಕಡಿತ ಮಾಡಿದರೂ ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ಮೊದಲು 12 ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು, ಈಗ 3 ವರ್ಷದವರೆಗೆ ಅವಕಾಶವಿದೆ. ಮುಖ್ಯವಾದದ್ದು, ಸಂಬಳ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕನದೇ.

ಇನ್ನು ನಮ್ಮ ಅಡುಗೆಮನೆಗೆ ಬರೋಣ. (ಯಾರೂ ಬೇಸರ ಮಾಡಿಕೊಳ್ಳಬಾರದು!) ಮನೆಗೆಲಸದವರನ್ನು ಕನಿಷ್ಠ ವೇತನದ ಪಟ್ಟಿಗೆ ಕರ್ನಾಟಕ 2004ರಲ್ಲೇ ಸೇರಿಸಿತು. ಮಹಾರಾಷ್ಟ್ರ 2008ರಲ್ಲಿ ಅವರಿಗಾಗಿ ಕಲ್ಯಾಣ ಮಂಡಳಿಯ ಕಾಯ್ದೆ ಮಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಡಂಬಡಿಕೆಯನ್ನು ಭಾರತ ಇನ್ನೂ ಅನುಮೋದಿಸಿಲ್ಲ. ಇಷ್ಟೆಲ್ಲ ಇದ್ದರೂ ಕೆಲಸದ ಬಾಯಿಯ ಸಂಬಳ ನಿಂತಿರುವುದು ಮನೆಯ ಯಜಮಾನಿಯ ಬಾಯಿಮಾತಿನ ಮೇಲೆ. ಹಳೇ ಸೀರೆ ಕೊಡಿ, ಉಳಿದ ಪಲ್ಯ ಕೊಡಿ, ಗಣಪತಿ ಹಬ್ಬಕ್ಕೆ ಕಡುಬು ಕೊಡಿ. ಆದರೆ ಲೆಕ್ಕದಲ್ಲಿ ಹಿಡಿಯಬೇಡಿ. ಸೀರೆಯಿಂದ ಅವಳ ಖೋಲಿಯ ಬಾಡಿಗೆ ಕಟ್ಟಲಾಗುವುದಿಲ್ಲ. ಲೋಟ ಒಡೆದದ್ದಕ್ಕೆ ಮುರಿದುಕೊಳ್ಳುವುದು, ನಾವು ಊರಿಗೆ ಹೋದ ಮೇ ತಿಂಗಳಿಗೆ ಅರ್ಧ ಸಂಬಳ ಕೊಡುವುದು, ಇವೆರಡೂ ನಮ್ಮ ಸೊಸೈಟಿಗಳಲ್ಲಿ ನಡೆಯುತ್ತಿವೆ. ರಜೆ ನಮ್ಮದು, ಅವಳದಲ್ಲ.

ಹತ್ತು ರೂಪಾಯಿಯ ಎರಡು ನೋಟ್‌ಬುಕ್ ತನ್ನಿ, ಒಂದು ನಿಮಗೆ, ಒಂದು ಅವಳಿಗೆ. ತಾರೀಖು, ಮೊತ್ತ, ಇಬ್ಬರ ಸಹಿ. ಓದು ಬಾರದಿದ್ದರೆ ಹೆಬ್ಬೆಟ್ಟು. ಮುಂಗಡ ಕೊಟ್ಟರೆ ಅದನ್ನೂ ಬರೆಯಿರಿ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ನಾನು ಸಂಘದ ವಾಚನಾಲಯದಲ್ಲಿ ಇರುತ್ತೇನೆ. ಸಂಬಳ ಬಾಕಿ ಇರುವವರು ಯಾರೇ ಇದ್ದರೂ ಕರೆತನ್ನಿ. ಅರ್ಜಿ ಬರೆದುಕೊಡುತ್ತೇನೆ. ಕನ್ನಡದವರೇ ಆಗಬೇಕೆಂದಿಲ್ಲ, ಮರಾಠಿ, ಹಿಂದಿಯೂ ನನಗೆ ಬರುತ್ತವೆ. ಬರುವಾಗ ಕ್ಯಾಲೆಂಡರ್ ಇದ್ದರೆ ಮರೆಯದೆ ತರಲು ಹೇಳಿ.