ಮೊದಲ ಐವತ್ತು ಸರದಿ

ಒಂದು ಭಾನುವಾರ ಬೆಳಿಗ್ಗೆ ನಮ್ಮ ಕನ್ನಡ ವೇಳೆಯಲ್ಲಿ ನಾನಾಡಿದ ಮಾತನ್ನು ಬರಹದಲ್ಲಿ ಕೊಡಿ ಎಂದು ನಿಮ್ಮಲ್ಲಿ ಹಲವರು ಕೇಳಿದಿರಿ. ಇಗೋ, ಕೊಟ್ಟಿದ್ದೇನೆ. ವಿಷಯ ಕಂಪ್ಯೂಟರ್ ಆಟ. ಹಿರಿಯರು ಹುಬ್ಬು ಗಂಟಿಕ್ಕಬೇಡಿ. ಐದು ನಿಮಿಷ ಕೇಳಿ, ಆಮೇಲೆ ಬೈಯಿರಿ.

ನನ್ನ ಅಕ್ಕನ ಮಗ ಎಂಟನೇ ಕ್ಲಾಸು. ಮಾಂಬಲಂನ ಅವರ ಮನೆಗೆ ಹೋದಾಗಲೆಲ್ಲ ನನ್ನನ್ನು ಎಳೆದು ಕೂರಿಸಿ ಆಡಿಸುವ ಆಟ ‘ಸಿವಿಲೈಝೇಶನ್’. ಸಿಡ್ ಮೈಯರ್ ಎಂಬವರು ರೂಪಿಸಿದ ಈ ಆಟ ಮೊದಲು ಬಂದದ್ದು 1991ರಲ್ಲಿ. ಅವನ ಬಳಿ ಇರುವುದು 2016ರಲ್ಲಿ ಬಂದ ಆರನೆಯ ಆವೃತ್ತಿ. ಇದರಲ್ಲಿ ಗಡಿಬಿಡಿಯಿಲ್ಲ. ನಮ್ಮ ಚೌಕಾಬಾರದ ಹಾಗೆ ನಿಮ್ಮ ಸರದಿ, ಎದುರಾಳಿಯ ಸರದಿ. ಕ್ರಿಸ್ತಪೂರ್ವ 4000ದಲ್ಲಿ ಆಟ ಶುರು. ನಿಮ್ಮ ಕೈಯಲ್ಲಿ ಊರು ಹೂಡಬಲ್ಲ ಒಂದು ವಲಸೆ ತಂಡ, ಒಬ್ಬ ಯೋಧ. ಅಷ್ಟೇ ಬಂಡವಾಳ. ಇಷ್ಟರಿಂದ ಸಾಮ್ರಾಜ್ಯ ಕಟ್ಟಬೇಕು.

ಮೊದಲ ಸಲ ನಾನೇನು ಮಾಡಿದೆ ಗೊತ್ತೇ? ಊರು ಹೂಡಿ, ಒಂದಿಷ್ಟು ಕಲಿತ ಕೂಡಲೇ ‘ಸ್ಟೋನ್‌ಹೆಂಜ್’ ಎಂಬ ಅದ್ಭುತವನ್ನು ಕಟ್ಟಲು ಕುಳಿತೆ. ಅದಕ್ಕೆ 180 ಅಂಶದಷ್ಟು ದುಡಿಮೆ ಬೇಕು. ನನ್ನ ಪುಟ್ಟ ಊರು ಸರದಿಗೆ ದುಡಿಯುತ್ತಿದ್ದದ್ದು 5. ಲೆಕ್ಕ ಹಾಕಿ, 36 ಸರದಿ! ಅಷ್ಟರಲ್ಲಿ ಪಕ್ಕದ ರಾಜ ಮೂರು ಊರು ಹೂಡಿದ್ದ. ಸಾಲದ್ದಕ್ಕೆ ಸ್ಟೋನ್‌ಹೆಂಜ್ ಯಾರು ಮೊದಲು ಮುಗಿಸುತ್ತಾರೋ ಅವರಿಗೆ ಮಾತ್ರ. ನನಗಿನ್ನೂ ನಾಲ್ಕು ಸರದಿ ಬಾಕಿ ಇದ್ದಾಗ ಇನ್ಯಾರೋ ಮುಗಿಸಿಬಿಟ್ಟರು.

“ಚಿಕ್ಕಮ್ಮಾ, ಹೊಟ್ಟೆಗೇ ಇಲ್ಲದಾಗ ಯಾರಾದ್ರೂ ಗೋಪುರ ಕಟ್ತಾರಾ?” ಅಂದ ಹುಡುಗ.

ಅವನ ಲೆಕ್ಕವೇ ಬೇರೆ. ಹೊಸ ವಲಸೆ ತಂಡಕ್ಕೆ 80 ಅಂಶ, ಅಂದರೆ 16 ಸರದಿ. ಹೊಲ, ಗಣಿ ಮಾಡಿಕೊಡುವ ಕೆಲಸಗಾರನಿಗೆ 50, ಅಂದರೆ 10 ಸರದಿ. ಆ ಕೆಲಸಗಾರ ಮೂರು ಕೆಲಸ ಮಾಡಿ ಮುಗಿಯುತ್ತಾನೆ, ಹೊಲ ಮಾತ್ರ ಕೊನೆಯವರೆಗೂ ಉಣಿಸುತ್ತದೆ. ವಲಸೆ ತಂಡ ಹೊರಟಾಗ ತಾಯಿಯೂರಿನ ಜನಸಂಖ್ಯೆ ಒಂದು ಇಳಿಯುತ್ತದೆ, ನಿಜ. ಬಿತ್ತನೆಗೆ ತೆಗೆದಿಟ್ಟ ರಾಗಿಯ ಹಾಗೆ ಅದು ಇವತ್ತಿನ ನಷ್ಟ. ಆದರೆ ಎರಡನೆಯ ಊರು ಹುಟ್ಟಿದ ಸರದಿಯಿಂದಲೇ ತಾನೂ ದುಡಿಯತೊಡಗುತ್ತದೆ. ಹತ್ತನೇ ಸರದಿಯಲ್ಲಿ ಸಿಕ್ಕ ಒಂದು ಅಂಶ ನೂರನೇ ಸರದಿಯ ಹತ್ತು ಅಂಶಕ್ಕಿಂತ ದೊಡ್ಡದು ಎನ್ನುತ್ತಾನೆ ಅವನು.

ಊರನ್ನು ಎಲ್ಲಿ ಹೂಡಬೇಕು? ಇದು ಚೆನ್ನೈನವರಿಗೆ ಚೆನ್ನಾಗಿ ಅರ್ಥವಾಗುವ ಪ್ರಶ್ನೆ. ಆಟದಲ್ಲಿ ನದಿ, ಕೆರೆಯ ಪಕ್ಕದ ಊರಿಗೆ 5 ಅಂಶ ವಸತಿ. ಸಿಹಿನೀರಿಲ್ಲದ ಬರೀ ಕಡಲ ದಂಡೆಗೆ 3. ಎರಡೂ ಇಲ್ಲದ ಕಡೆ 2. ಕಣ್ಣೆದುರು ಅಷ್ಟು ದೊಡ್ಡ ಸಮುದ್ರವಿದ್ದರೂ 2019ರ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಕೊಡ ಹಿಡಿದು ಟ್ಯಾಂಕರಿಗೆ ಕಾದವರಿಗೆ ಈ ಅಂಕಿಗಳನ್ನು ಯಾರೂ ವಿವರಿಸಬೇಕಿಲ್ಲ.

ಇನ್ನು ವಿದ್ಯೆಯ ಮಾತು. ಒಂದು ಹೊತ್ತಿಗೆ ಒಂದೇ ವಿದ್ಯೆ ಕಲಿಯಬಹುದು. ಕುಂಬಾರಿಕೆ ಕಲಿತರೆ ಬರವಣಿಗೆಗೆ ದಾರಿ. ಬರವಣಿಗೆ ಬಂದರೆ ವಿದ್ಯಾಕೇಂದ್ರ, ಗ್ರಂಥಾಲಯ. ಅಲ್ಲಿಂದ ಮುಂದಿನ ಪ್ರತಿಯೊಂದು ಕಲಿಕೆಯೂ ಚುರುಕು. ಜೊತೆಗೊಂದು ಸೊಗಸಾದ ನಿಯಮ ಇದೆ. ಬದುಕಿನಲ್ಲಿ ಮಾಡಿ ತೋರಿಸಿದ್ದರ ಪಾಠ ಅರ್ಧ ಕಲಿತಂತೆಯೇ. ಕಡಲ ದಂಡೆಯಲ್ಲಿ ಊರು ಹೂಡಿದರೆ ಹಡಗುವಿದ್ಯೆಯ ಶೇಕಡಾ 40 ಭಾಗ ಬಿಟ್ಟಿ. ಕವಣೆಗಾರನಿಂದ ಶತ್ರುವನ್ನು ಹೊಡೆದುರುಳಿಸಿದರೆ ಬಿಲ್ವಿದ್ಯೆಗೂ ಹಾಗೆಯೇ. ಇನ್ನೊಂದು ನಾಗರಿಕತೆಯನ್ನು ಭೇಟಿಯಾದರೆ ಬರವಣಿಗೆಗೆ. ಆದ್ದರಿಂದ ಜಾಣ ಆಟಗಾರ ಒಂದು ವಿದ್ಯೆಯನ್ನು ಶೇಕಡಾ 60ರವರೆಗೆ ಕಲಿತು ಬದಿಗಿಟ್ಟು, ಉಳಿದದ್ದನ್ನು ಕೆಲಸವೇ ಕಲಿಸಲಿ ಎಂದು ಬೇರೆಯದಕ್ಕೆ ಕೈಹಾಕುತ್ತಾನೆ.

ಈ ಆಟದಲ್ಲಿ ಭಾರತಕ್ಕೆ ಗಾಂಧೀಜಿಯೂ ನಾಯಕರು, 2018ರಿಂದ ಚಂದ್ರಗುಪ್ತ ಮೌರ್ಯನೂ ನಾಯಕ. ಜೈನ ಐತಿಹ್ಯದಂತೆ ನಮ್ಮ ಶ್ರವಣಬೆಳಗೊಳದಲ್ಲಿ ದೇಹ ಬಿಟ್ಟವನು ಈತನೇ. ಅವನ ವಿಶೇಷ ಶಕ್ತಿಗೆ ಆಟದವರು ಇಟ್ಟ ಹೆಸರು ‘ಅರ್ಥಶಾಸ್ತ್ರ’. ಆದರೆ ಆ ಶಕ್ತಿ ನೆರೆರಾಜ್ಯದ ಮೇಲೆ ದಂಡೆತ್ತಿ ಹೋಗಲು ಮಾತ್ರ! ಕೌಟಿಲ್ಯನ ಗ್ರಂಥ ತೆರೆದು ನೋಡಿ. ಎರಡನೆಯ ಅಧಿಕರಣ ಶುರುವಾಗುವುದೇ ಊರು ಹೂಡುವ ಪ್ರಕರಣದಿಂದ. ನೂರರಿಂದ ಐನೂರು ಕುಟುಂಬಗಳ ಹಳ್ಳಿಗಳು, ಒಂದೆರಡು ಕ್ರೋಶದ ಅಂತರದಲ್ಲಿ, ಒಂದಕ್ಕೊಂದು ಕಾವಲಾಗುವಂತೆ ಇರಬೇಕು. ಉಳುವವರಿಗೆ ಧಾನ್ಯ, ದನ, ಹಣ ಕೊಡಬೇಕು, ಅವರು ಅನುಕೂಲವಾದಾಗ ತೀರಿಸಲಿ. ಆದರೆ ಬೊಕ್ಕಸ ಬೆಳೆಯುವಂಥ ರಿಯಾಯಿತಿ ಇರಲಿ, ಬರಿದಾಗುವಂಥದ್ದು ಬೇಡ. ನೀರಿಗೆ ಕಟ್ಟೆ ಕಟ್ಟಬೇಕು. ನಮ್ಮ ಹುಡುಗ ಇದನ್ನೆಲ್ಲ ಓದದೆಯೇ ಹೇಳುತ್ತಾನೆ.

ಕಣ್ಮರೆಯಾಗಿದ್ದ ಆ ಗ್ರಂಥದ ಕಥೆಯಲ್ಲಿ ನಮ್ಮ ಎರಡು ನಾಡುಗಳೂ ಇವೆ. ತಂಜಾವೂರು ಕಡೆಯ ಪಂಡಿತರೊಬ್ಬರು ಅದರ ತಾಳೆಗರಿ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದೇನೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಬಂತು. ತಮಿಳು ನೆಲದಿಂದ ಬಂದ ಗರಿಯನ್ನು ಓದಿ ಲೋಕಕ್ಕೆ ಕೊಟ್ಟವರು ಮೈಸೂರಿನ ವಿದ್ವಾಂಸರು.

ಓದಬಲ್ಲವರು ಅಂದೆನಲ್ಲ, ಈಗ ನನ್ನ ಗುಟ್ಟೊಂದನ್ನು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಕನ್ನಡ ಬಿ.ಎ. ಮುಗಿಸಿ ಈ ಊರಿಗೆ ಬಂದು ಎಂಟು ವರ್ಷ. ಮಾತಿನ ತಮಿಳು ತರಕಾರಿ ಅಂಗಡಿಯಲ್ಲಿ ತಾನಾಗಿ ಬಂತು. ಆಟದ ಭಾಷೆಯಲ್ಲಿ ಹೇಳಬೇಕೆಂದರೆ ಶೇಕಡಾ 40 ಬಿಟ್ಟಿ! ಉಳಿದ 60, ಅಂದರೆ ಅಕ್ಷರ, ಕೂತು ಕಲಿಯಬೇಕಿತ್ತು. ಕಲಿಯಲಿಲ್ಲ. ಸಂಜೆಯ ಹೊತ್ತೆಲ್ಲ ಜಾಹೀರಾತಿಗೆ ದನಿ ಕೊಟ್ಟೆ, ಬಂದ ಹಣದಲ್ಲಿ ದೊಡ್ಡ ಟಿ.ವಿ. ತಂದೆ. ಅದೇ ನನ್ನ ಸ್ಟೋನ್‌ಹೆಂಜ್. ಹೋದ ವರ್ಷ ತಮಿಳು ಕಥೆಗಳನ್ನು ಕನ್ನಡಕ್ಕೆ ತಂದು ಓದುವ ಒಂದು ಸರಣಿಗೆ ನನ್ನನ್ನು ಕರೆದರು. ಎದುರಿಗಿಟ್ಟ ಪುಟದಲ್ಲಿ ನನಗೊಂದು ಸಾಲೂ ಓದಲಾಗಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. ನ್ಯಾಯವೇ. ಆದರೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಕಲಿಯುತ್ತಿದ್ದೇನೆ. ಕ, ಗ ಎರಡಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ, ತ, ದಗಳಿಗೂ ಒಂದೇ. ‘ಕಾಂತಿ’ ಎಂದು ಕೂಡಿಸಿ ಓದಿದ್ದು ‘ಗಾಂಧಿ’ ಎಂದು ಹೊಳೆದ ದಿನ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಎಂಟು ವರ್ಷದ ಹಿಂದೆ ಕಲಿತಿದ್ದರೆ ಎಂಟು ವರ್ಷದ ಬೋರ್ಡುಗಳು, ಪತ್ರಿಕೆಗಳು, ಕಥೆಗಳು ನನ್ನವಾಗುತ್ತಿದ್ದವು. ಆಟದಲ್ಲಾದರೆ ಸೋತರೆ ಹೊಸದಾಗಿ ಶುರು ಮಾಡಬಹುದು. ನನಗೆ ಇನ್ನುಳಿದ ಸರದಿಗಳು ಮಾತ್ರ ಇವೆ.

ಈಗಷ್ಟೇ ಈ ಊರಿಗೆ ಬಂದಿಳಿದ ತಮ್ಮ ತಂಗಿಯರಿದ್ದರೆ, ನಿಮ್ಮ ಮೊದಲ ಐವತ್ತು ಸರದಿ ಈಗ ನಡೆಯುತ್ತಿದೆ. ಗೋಪುರ ಆಮೇಲೆ ಕಟ್ಟಿ. ಮೊದಲು ನೀರಿರುವ ಕಡೆ ಮನೆ ಹಿಡಿಯಿರಿ, ಒಂದು ಪಾಲು ಬಿತ್ತನೆಗೆ ಎತ್ತಿಡಿ, ಈ ನೆಲದ ಅಕ್ಷರ ಕಲಿಯಿರಿ. ಮುಂದಿನ ವಾರ ಇದೇ ವೇಳೆಗೆ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ, ವಣಕ್ಕಂ.