ದೃಷ್ಟಿಯಿಲ್ಲದ ಮಕ್ಕಳಿಗೆ ಕಳಿಸುವ ಪೆಟ್ಟಿಗೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿವರ್ಯರ(ಸ) ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆಯಿರಲಿ.



ತಾಂಝಾನಿಯಾದ ದಾರುಸ್ಸಲಾಮಿನಲ್ಲಿ ದುಡಿಯುತ್ತಿರುವ ನಮ್ಮ ಜಮಾಅತಿನ ಯುವಕರು, ಆ ದೇಶದ ಅಂಧ ಮಕ್ಕಳ ವಸತಿ ಶಾಲೆಯೊಂದಕ್ಕೆ ಕಲಿಕೆಯ ಸಾಮಾನು ಬೇಕೆಂದು ತಿಳಿಸಿದ್ದರು. (ಅಲ್ಲಿಯ ಸ್ವಾಹಿಲಿ ಭಾಷೆಯಲ್ಲೂ ಪುಸ್ತಕಕ್ಕೆ ಕಿತಾಬು, ಲೇಖನಿಗೆ ಕಲಾಮು ಎನ್ನುತ್ತಾರಂತೆ.) ಎರಡು ವಾರಗಳಿಂದ ಮದ್ರಸದ ವರಾಂಡದಲ್ಲಿ ಸಂಗ್ರಹ ನಡೆದಿದೆ. ಕೊಟ್ಟವರಿಗೆಲ್ಲ ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ಸಾಮಾನು ವಿಂಗಡಿಸಿದ ಹುಡುಗರು ಬದಿಗಿಟ್ಟ ಒಂದು ರಾಶಿಯ ಬಗ್ಗೆ ಮಾತಾಡಲೇಬೇಕು. ಅರ್ಧ ಬರೆದ ನೋಟುಬುಕ್ಕುಗಳು, ಶಾಯಿ ಒಣಗಿದ ಪೆನ್ನುಗಳು, ಜಿಪ್ ಕಿತ್ತುಹೋದ ಬ್ಯಾಗುಗಳು ಅದರಲ್ಲಿವೆ.

ಸೂರಃ ಅಲ್ ಬಕರಃದ 267ನೆಯ ಸೂಕ್ತವನ್ನು ನಾವೆಲ್ಲ ಓದುತ್ತೇವೆ. ನಮಗೇ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸಲಾಗದ ವಸ್ತುವನ್ನು ದಾನಕ್ಕೆಂದು ಆರಿಸಬಾರದು ಎಂಬುದು ಅದರ ಆಶಯ. ಕಣ್ಣು ಕಾಣದ ಮಗುವಿಗೆ ಕೊಡುವಾಗ ಈ ಮಾತು ಇನ್ನಷ್ಟು ಚುಚ್ಚಬೇಕು. ಹಾಳೆ ಹರಿದಿದೆ, ಜಿಪ್ ಕೆಟ್ಟಿದೆ ಎಂಬುದು ಆ ಮಗುವಿನ ಬೆರಳಿಗೆ ಕ್ಷಣದಲ್ಲಿ ತಿಳಿಯುತ್ತದೆ.

ಹಾಗೆಂದು ಹಳೆಯದೆಲ್ಲ ಬೇಡವೆಂದಲ್ಲ. ಬ್ರೈಲ್ ಲಿಪಿ ಆರು ಚುಕ್ಕೆಗಳ ಲಿಪಿ. ಕಿಂಡಿಗಳಿರುವ ಸ್ಲೇಟಿನೊಳಗೆ ಹಾಳೆ ಸಿಕ್ಕಿಸಿ, ಸ್ಟೈಲಸ್ ಎಂಬ ಮೊನೆಯ ಕಡ್ಡಿಯಿಂದ ಒತ್ತಿ ಬರೆಯುತ್ತಾರೆ. ಹಾಳೆ ತಿರುವಿದಾಗ ಚುಕ್ಕೆಗಳು ಉಬ್ಬಿರುತ್ತವೆ. ಅದಕ್ಕಾಗಿ ಬರೆಯುವುದು ಬಲದಿಂದ ಎಡಕ್ಕೆ, ನಮ್ಮ ಮಕ್ಕಳು ಅರಬಿ ಬರೆದಂತೆ. ಓದುವುದು ಎಡದಿಂದ ಬಲಕ್ಕೆ. ಸಾಮಾನ್ಯ ನೋಟುಬುಕ್ಕಿನ ತೆಳು ಹಾಳೆ ಇದಕ್ಕೆ ತಡೆಯದು. ಒತ್ತಿದರೆ ಹರಿಯುತ್ತದೆ, ನಾಲ್ಕು ಸಲ ಬೆರಳಾಡಿಸಿದರೆ ಚುಕ್ಕೆ ಕೂತುಹೋಗುತ್ತದೆ. ಹೊಸ ನೋಟುಬುಕ್ಕಿನ ಕಟ್ಟು ತಂದುಕೊಟ್ಟರೂ ಅಂಧ ಮಗುವಿಗೆ ಅದು ಉಪಯೋಗಕ್ಕಿಲ್ಲ. ಆದರೆ ಕಳೆದ ವರ್ಷದ ಟೇಬಲ್ ಕ್ಯಾಲೆಂಡರ್ ಉಪಯೋಗಕ್ಕಿದೆ! ಅದರ ದಪ್ಪ ಹಾಳೆಯ ಮೇಲೆ ಚುಕ್ಕೆ ಚೆನ್ನಾಗಿ ನಿಲ್ಲುತ್ತದೆ. ಮೇಲೆ ಯಾವ ಅಂಗಡಿಯ ಜಾಹೀರಾತು ಇದ್ದರೇನು?

ಆ ಶಾಲೆಯಲ್ಲಿ ಪೂರ್ತಿ ಅಂಧರಲ್ಲದ ಮಕ್ಕಳೂ ಇದ್ದಾರೆ. ಆಲ್ಬಿನಿಸಂ ಇರುವವರು. ಚರ್ಮಕ್ಕೆ, ಕೂದಲಿಗೆ, ಕಣ್ಣಿಗೆ ಬಣ್ಣ ಕೊಡುವ ಅಂಶವೇ ಹುಟ್ಟಿನಿಂದ ಕಡಿಮೆ. ಇದು ತೊನ್ನಲ್ಲ, ಅಂಟುವ ರೋಗವೂ ಅಲ್ಲ. ದೃಷ್ಟಿ ಮಂದ, ಬಿಸಿಲು ಸಹಿಸಲಾಗದು. ಇವರ ದೇಹದ ಭಾಗಗಳಿಂದ ಅದೃಷ್ಟ ಕುದುರುತ್ತದೆ ಎಂಬ ಮಾಟಗಾರರ ಸುಳ್ಳನ್ನು ನಂಬಿ ಆ ದೇಶದಲ್ಲಿ ಕೊಲೆಗಳೇ ನಡೆದಿವೆ. 2015ರಲ್ಲಿ ಸರ್ಕಾರ ಮಾಟಗಾರರ ದಂಧೆಯನ್ನು ನಿಷೇಧಿಸಿತು. ಎಷ್ಟೋ ಮಕ್ಕಳು ವಸತಿ ಶಾಲೆಗೆ ಬಂದಿರುವುದು ಪ್ರಾಣಭಯದಿಂದ. (ತಾಯತ, ಮಾಟ, ನಿಧಿ ಎಂದು ಅಲೆಯುವವರು ನಮ್ಮ ನಡುವೆಯೂ ಇದ್ದಾರೆ, ಅದರ ಬಗ್ಗೆ ಇನ್ನೊಂದು ಜುಮಾದಲ್ಲಿ ಹೇಳೋಣ.) ಈ ಮಕ್ಕಳಿಗೆ ಬ್ರೈಲಿಗಿಂತ ಭೂತಗನ್ನಡಿ, ದಪ್ಪಕ್ಷರದ ಪುಸ್ತಕ, ದಪ್ಪ ಕಪ್ಪು ಸ್ಕೆಚ್ ಪೆನ್ನು, ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಬೇಕು. ಒಂದು ಭೂತಗನ್ನಡಿ ಸಿಕ್ಕಿದರೆ ಎಲ್ಲರಂತೆ ಅಚ್ಚಿನ ಪುಸ್ತಕ ಓದಬಲ್ಲ ಮಕ್ಕಳು ಅವರಲ್ಲಿದ್ದಾರೆ.

ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅವರನ್ನು ನೆನೆಯಿರಿ. ಪ್ರವಾದಿವರ್ಯರು(ಸ) ಕುರೈಶರ ಮುಖಂಡರೊಡನೆ ಮಾತಾಡುತ್ತಿದ್ದಾಗ ಈ ಅಂಧ ಸಹಾಬಿ ಬಂದರು. ಸೂರಃ ಅಬಸ ಅವತೀರ್ಣವಾದದ್ದು ಆ ಸಂದರ್ಭದಲ್ಲಿ. ಅವರು ಬಂದದ್ದು ಯಾಚಿಸಲು ಅಲ್ಲ, ಕಲಿಯಲು. ಮುಂದೆ ಮದೀನಾದಲ್ಲಿ ಬಿಲಾಲ್(ರ) ಅವರೊಂದಿಗೆ ಅಝಾನ್ ಕೊಟ್ಟರು. ಪ್ರವಾದಿವರ್ಯರು(ಸ) ಊರಲ್ಲಿಲ್ಲದಾಗ ಮದೀನಾದ ಹೊಣೆಯನ್ನೂ ಹೊತ್ತರು. ತಾಂಝಾನಿಯಾದ ಆ ಮಕ್ಕಳೂ ಕಲಿಯಲು ಕೂತವರು. ಅವರ ಕಲಿಕೆಗೆ ಒದಗದ ವಸ್ತುವನ್ನು ಕೊಟ್ಟು ಕೈತೊಳೆದುಕೊಂಡರೆ ಮನೆಯ ಕಪಾಟು ಖಾಲಿಯಾದೀತು, ಅಷ್ಟೆ.

ಇಲ್ಲಿಯ ಅಂಧ ಮಕ್ಕಳನ್ನು ಬಿಟ್ಟು ಕಡಲಾಚೆಗೇಕೆ ಎಂದು ಕೆಲವು ಹಿರಿಯರು ಕೇಳಿದ್ದಾರೆ. ಸರಿಯಾದ ಪ್ರಶ್ನೆ. ನೆರೆಯವರ ಹಕ್ಕು ಮೊದಲು. ಕ್ಯಾಲೆಂಡರ್ ಹಾಳೆ ಭಾರ, ಅದನ್ನು ವಿಮಾನದಲ್ಲಿ ಒಯ್ಯುವುದು ದುಂದು. ಆದ್ದರಿಂದ ಅದೆಲ್ಲ ನಮ್ಮ ರಾಜ್ಯದ ಅಂಧ ಮಕ್ಕಳ ಶಾಲೆಗೆ. ಸ್ಲೇಟು, ಸ್ಟೈಲಸ್, ಭೂತಗನ್ನಡಿ, ಟೋಪಿ ಹಗುರ. ಅವು ರಜೆ ಮುಗಿಸಿ ಹೊರಡುವ ನಮ್ಮ ಹುಡುಗರ ಲಗೇಜಿನಲ್ಲಿ ಹೋಗುತ್ತವೆ. ಬ್ರೈಲ್ ಸ್ಲೇಟುಗಳು ನಮ್ಮ ದೇಶದ ಡೆಹ್ರಾಡೂನಿನಲ್ಲೇ ತಯಾರಾಗುತ್ತವೆ, ತರಿಸೋಣ. ದಪ್ಪ ಹಾಳೆ ಅಲ್ಲೇ ಕೊಳ್ಳಲು ಹಣ ಕಳಿಸೋಣ. ಆ ಶಾಲೆಯಲ್ಲಿ ಮುಸ್ಲಿಮ್ ಮಕ್ಕಳೂ ಕ್ರೈಸ್ತ ಮಕ್ಕಳೂ ಇದ್ದಾರೆ. ಇದಕ್ಕೆ ಝಕಾತಿನ ಹಣ ಬೇಡ, ಸದಕ ಸಾಕು. ಹಂಚುವಾಗ ಯಾವ ಮಗುವಿನ ಧರ್ಮವನ್ನೂ ಕೇಳುವುದಿಲ್ಲ.

ಈ ಭಾನುವಾರ ಅಸರ್ ನಮಾಝಿನ ನಂತರ ಮದ್ರಸದಲ್ಲಿ ಕಟ್ಟುವ ಕೆಲಸವಿದೆ. ಹತ್ತು ಜನ ಬೇಕು; ಕ್ಯಾಲೆಂಡರಿನ ತಂತಿ ಬಿಚ್ಚಲು ಮಕ್ಕಳೂ ಬರಲಿ. ಬದಿಗಿಟ್ಟ ರಾಶಿ ವರಾಂಡದ ಎಡಮೂಲೆಯಲ್ಲಿದೆ. ಯಾರದೆಂದು ಯಾರೂ ಕೇಳುವುದಿಲ್ಲ, ಅವರವರದನ್ನು ಅವರವರು ಮನೆಗೆ ಒಯ್ಯಲಿ.